ಅಳಿಯ ಅಲ್ಲ, ಡ್ಯೂಕರ ಮಗಳು

ಇಂಗ್ಲಿಷಿನಲ್ಲಿ ‘ನೆಫ್ಯೂ’ ಎಂದೊಂದು ಶಬ್ದವಿದೆ. ಅಷ್ಟು ಬೇಜವಾಬ್ದಾರಿಯ ಶಬ್ದವನ್ನು ನಾನು ಇನ್ನೊಂದು ಕಂಡಿಲ್ಲ. ಅಣ್ಣನ ಮಗನೂ ನೆಫ್ಯೂ, ಅಕ್ಕನ ಮಗನೂ ನೆಫ್ಯೂ! ನಮ್ಮ ಕಡೆ ಹಾಗೆ ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಮನೆಗೆ ಯಜಮಾನ ಯಾರು, ಊಟಕ್ಕೆ ಬಂದ ನೆಂಟ ಯಾರು ಎಂದೇ ತಿಳಿಯದೆ ಹೋಗುತ್ತದೆ. ಬಹರೈನಿನ ಮನಾಮಾದ ಹೋಟೆಲಿನಲ್ಲಿ ಒಂದು ಮಧ್ಯಾಹ್ನ ಈ ಶಬ್ದ ನನ್ನ ಹೆಂಡತಿಯನ್ನೂ ಮಗಳನ್ನೂ ನನ್ನಿಂದ ಶಾಶ್ವತವಾಗಿ ಸಮುದ್ರದ ಆಚೆಗೆ ಉಳಿಸಿಬಿಡುವುದರಲ್ಲಿತ್ತು.

ನಮ್ಮದು ಅಳಿಯಕಟ್ಟಿನ ಮನೆತನ. ಉಡುಪಿಯಿಂದ ತೆಂಕಣಕ್ಕೆ ನಮ್ಮಂಥ ಮನೆಗಳು ಬಹಳ. ಯಜಮಾನಿಕೆ ಅಪ್ಪನಿಂದ ಮಗನಿಗೆ ಬರುವುದಿಲ್ಲ, ಮಾವನಿಂದ ಅಕ್ಕತಂಗಿಯರ ಮಗನಿಗೆ ಬರುತ್ತದೆ. ಅವನೇ ಅಳಿಯ. ಗುತ್ತು ಎಂದು ಕರೆಯುವ ದೊಡ್ಡ ಹಿರಿಮನೆಯಾದರೆ ಅವನಿಗೆ ‘ಗಡಿ’ ಎಂಬ ಪಟ್ಟ ಕಟ್ಟಿ ಮನೆತನದ ಹಳೆಯ ಹೆಸರನ್ನು ಕೊಡುತ್ತಾರೆ. ಅಂದಿನಿಂದ ಅವನ ಸ್ವಂತ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಆಸ್ತಿಯ ಕಾನೂನನ್ನು ಸರಕಾರ ಬದಲಿಸಿ ಬಹಳ ಕಾಲವಾಗಿತ್ತು, ಪಟ್ಟದ ಕಾನೂನಿಗೆ ಯಾರೂ ಕೈ ಹಾಕಿರಲಿಲ್ಲ. ‘ಅಳಿಯ ಅಲ್ಲ, ಮಗಳ ಗಂಡ’ ಎಂಬ ಗಾದೆಯನ್ನು ಘಟ್ಟದ ಮೇಲಿನವರು ಎರಡೂ ಒಂದೇ ಅಲ್ಲವೇ ಎಂದು ನಗಲಿಕ್ಕೆ ಹೇಳುತ್ತಾರೆ. ನಮ್ಮಲ್ಲಿ ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಅಳಿಯ ಎಂದರೆ ನಾಳಿನ ಯಜಮಾನ, ಮಗಳ ಗಂಡ ಎಂದರೆ ನನ್ನಂಥವನು.

ಹೆಂಡತಿಯ ಮನೆಯಲ್ಲಿ ನನ್ನ ಸ್ಥಾನ ಅಷ್ಟೇ ಇತ್ತು. ನಮಗೆ ಹೆಣ್ಣು ಮಗು ಹುಟ್ಟಿದಾಗ ಆ ಮನೆಯವರು ಊರಿಗೆಲ್ಲ ಸಕ್ಕರೆ ಹಂಚಿದರು. ಹೆಣ್ಣು ಹುಟ್ಟಿದರೆ ಮನೆ ಉಳಿಯಿತು ಎನ್ನುವವರು ನಾವು. ಮಗು ಅವರ ಕುಟುಂಬದ್ದು. ನಾನು ಅದರ ಅಪ್ಪ, ಬಂದು ಹೋಗುವವನು. ಬಹರೈನಿಗೆ ಹೊರಡುವ ಮುಂಚೆ, ಮುಂದೆ ಹೆಂಡತಿ ಮಗುವನ್ನು ಕರೆಸಿಕೊಳ್ಳುವ ಮಾತನ್ನು ಎತ್ತಲು ನಾನು ಅವಳ ಸೋದರಮಾವನ ಎದುರು ಹೋಗಿ ನಿಂತೆ. ಅವರೇ ಆ ಗುತ್ತಿನ ಯಜಮಾನರು. ಆ ಚಾವಡಿಯಲ್ಲಿ ಅವರು ‘ಕುಲ್ಲುಲೆ’ ಎಂದರೆ ಮಾತ್ರ ಕೂರುವ ಪದ್ಧತಿ. ತುಳುವಿನಲ್ಲಿ ‘ಕೂತುಕೊಳ್ಳಿ’ ಎಂದು ಅರ್ಥ. ಅವರು ಅನ್ನಲಿಲ್ಲ.

“ನೀವು ಅಲ್ಲಿ ತಟ್ಟೆ ಎತ್ತುದಲ್ವಾ?” ಎಂದರು. “ಕೆಲಸ ಗಟ್ಟಿಯಾಗ್ಲಿ. ಖಾಯಂ ಅಂತ ಆದ ಮೇಲೆ ಮಾತಾಡುವ. ಇವತ್ತು ಉಂಟು ನಾಳೆ ಇಲ್ಲ ಅಂತ ಇರುವ ಕೆಲಸಕ್ಕೆ ನಮ್ಮ ಮನೆಯ ಹೆಣ್ಣುಮಗುವನ್ನು ಕಳಿಸ್ಲಿಕ್ಕೆ ಆಗುದಿಲ್ಲ.”

ನಿಂತೇ ಕೇಳಿ ನಿಂತೇ ಹಿಂದಿರುಗಿದೆ. ಸಿಟ್ಟು ಬಂದಿತ್ತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎನ್ನುವುದಕ್ಕೇ ಹೆಚ್ಚು ಸಿಟ್ಟು ಬಂದಿತ್ತು.

ಅದು ಎಪ್ಪತ್ತರ ದಶಕದ ಕೊನೆ. ಬಹರೈನಿಗೆ ಬ್ಯಾಂಕುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಬೋರ್ಡು ತಗುಲಿಸಿದ ಮರುದಿನವೇ ಅವಕ್ಕೆಲ್ಲ ಹಸಿವಾಗುತ್ತಿತ್ತು. ಅವರ ಔತಣಗಳೆಲ್ಲ ನಮ್ಮ ಹೋಟೆಲಿನ ಬ್ಯಾಂಕ್ವೆಟ್ ಹಾಲಿನಲ್ಲಿ. ನಾನು ಅಲ್ಲಿ ವೇಟರ್ ಆಗಿ ಸೇರಿ, ಆ ಹೊತ್ತಿಗೆ ಕ್ಯಾಪ್ಟನ್ ಆಗಿದ್ದೆ. ಕ್ಯಾಪ್ಟನ್ ಎಂದರೆ ಹಡಗಿನದ್ದಲ್ಲ, ವೇಟರುಗಳ ಮೇಲಿನವನು. ಅದೂ ಬರಿಯ ಪರೀಕ್ಷೆಯ ಮೇಲೆ. ಖಾಯಂ ಆದರೆ ಕಂಪನಿಯೇ ಫ್ಯಾಮಿಲಿ ವೀಸಾ ಮಾಡಿಸಿಕೊಡುತ್ತಿತ್ತು. ಆಗದಿದ್ದರೆ ಮತ್ತೆ ತಟ್ಟೆ.

ಸೂಕ್ ಎಂಬ ಹಳೆಯ ಪೇಟೆಯ ಹಿಂದಿನ ಗಲ್ಲಿಯ ಕೋಣೆಯಲ್ಲಿ ನನ್ನ ಜೊತೆಗಿದ್ದವರು ಕಾರ್ಕಳ ಕಡೆಯ ಒಬ್ಬರು. ನಮ್ಮದೇ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ನನಗಿಂತ ಹಿರಿಯರು, ನಾನು ಅಣ್ಣ ಎನ್ನುತ್ತಿದ್ದೆ. ಅವರ ಹತ್ತಿರ ಒಂದು ಟೇಪ್ ರೆಕಾರ್ಡರ್ ಇತ್ತು. ಆಗ ಊರಿನವರು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ, ಬರುವವರ ಕೈಯಲ್ಲಿ ಉಪ್ಪಿನಕಾಯಿಯ ಜೊತೆ ಕಳಿಸುತ್ತಿದ್ದರು. ನನ್ನ ಹೆಂಡತಿ ಕಳಿಸಿದ ಕ್ಯಾಸೆಟ್ಟಿನಲ್ಲಿ ಅವಳು ತೋಟ, ದನ, ಹಲ್ಲುನೋವು ಎಲ್ಲ ಹೇಳಿ ಮುಗಿಸಿದ ಮೇಲೆ, “ಮಗು ಮಾತಾಡ್ತಾಳೆ ಕೇಳಿ” ಎಂದಳು. ಸ್ವಲ್ಪ ಹೊತ್ತು ಉಸಿರಿನ ಸದ್ದು ಮಾತ್ರ. ಆಮೇಲೆ ಚಿಕ್ಕ ದನಿಯೊಂದು, “ಅಪ್ಪ ಇದರ ಒಳಗೆ ಇದ್ದಾರಾ?” ಎಂದಿತು. ಅಣ್ಣ ಅದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಹಾಕಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಹೀಗಿರುವಾಗ ಹೊಸ ಬ್ಯಾಂಕೊಂದರ ಔತಣಕ್ಕೆ ಸ್ಪೇನ್ ದೇಶದಿಂದ ಒಬ್ಬ ಡ್ಯೂಕರು ಬರುತ್ತಾರೆ ಎಂದಾಯಿತು. ಆ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಅವರು ಹೆಸರಿಗೆ ಇದ್ದವರು, ಆದರೆ ಆ ಹೆಸರೇ ಒಂದು ಮೊಳ ಉದ್ದ ಇತ್ತು. ನಮ್ಮ ಬ್ಯಾಂಕ್ವೆಟ್ ಮ್ಯಾನೇಜರ್ ಇಂಗ್ಲಿಷಿನವರು. “ಇವರು ಬರೇ ಡ್ಯೂಕ್ ಅಲ್ಲ, ಸ್ಪೇನಿನ ಗ್ರಾಂದೆ. ಅದಕ್ಕಿಂತ ಮೇಲೆ ರಾಜನ ಮನೆ ಮಾತ್ರ. ಈ ಊಟ ಸರಿಯಾಗಿ ನಡೆದರೆ ನಿನ್ನ ಕೆಲಸ ಖಾಯಂ,” ಎಂದರು.

ಊಟದ ದಿನ ಬೆಳಿಗ್ಗೆ ಮ್ಯಾನೇಜರು ಇನ್ನೊಬ್ಬ ದೊಡ್ಡ ಅತಿಥಿಯನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋದರು. ವಿಮಾನ ತಡ. ಮೇಜಿನ ಮೇಲೆ ಹೆಸರಿನ ಕಾರ್ಡು ಇಡುವ ಕೆಲಸ ನನ್ನ ತಲೆಗೆ ಬಂತು. ಹೋಗುತ್ತಾ ಅವರು ಹೇಳಿದ್ದು ಒಂದೇ ಮಾತು: “ಡ್ಯೂಕರ ಬಲಕ್ಕೆ ಅವರ ವಾರಸುದಾರರು. ಉಳಿದದ್ದು ನಿನಗೆ ಗೊತ್ತಿದೆ.”

ಡ್ಯೂಕರ ಕಡೆಯಿಂದ ಬರುವವರು ಇಬ್ಬರೇ, ಒಬ್ಬ ಮಗಳು, ಒಬ್ಬ ನೆಫ್ಯೂ. ನಾನು ಬ್ಯಾಂಕಿಗೆ ಫೋನು ಮಾಡಿದೆ. ಬೊಂಬಾಯಿಯ ಗುಮಾಸ್ತರೊಬ್ಬರು ಎತ್ತಿದರು. ಆ ನೆಫ್ಯೂ ಅಣ್ಣತಮ್ಮಂದಿರ ಮಗನೋ ಅಕ್ಕತಂಗಿಯರ ಮಗನೋ ಎಂದು ಹಿಂದಿಯಲ್ಲಿ ಕೇಳಿದೆ.

“ಅಕ್ಕನ ಮಗ. ಅದರಿಂದ ಏನು ವ್ಯತ್ಯಾಸ?” ಎಂದರು ಅವರು.

ಏನು ವ್ಯತ್ಯಾಸವಂತೆ! ಪಾಪ, ಬೊಂಬಾಯಿಯವರಿಗೆ ಏನು ಗೊತ್ತು ಎಂದುಕೊಂಡು ಫೋನು ಇಟ್ಟೆ. ಲೆಕ್ಕ ಪೂರ್ತಿ ಸರಿಹೋಯಿತು. ಮಗಳ ಕಾರ್ಡಿನಲ್ಲಿ ‘ಮಾರ್ಕೇಸ’ ಎಂಬ ಪದವಿ ಇತ್ತು, ಅದು ತಾಯಿಯ ಮನೆಯಿಂದ ಬಂದದ್ದಿರಬೇಕು. ನೆಫ್ಯೂನ ಕಾರ್ಡಿನಲ್ಲಿ ಬರಿಯ ಹೆಸರು. ಸಹಜವೇ, ಮಾವ ಇರುವ ತನಕ ಅಳಿಯನಿಗೆ ಗಡಿ ಎಲ್ಲಿಂದ ಬರಬೇಕು? ಅಳಿಯನನ್ನು ಡ್ಯೂಕರ ಬಲಕ್ಕೆ ಇಟ್ಟೆ. ಮಗಳು ಬೇರೆ ಮನೆಯವಳಾದ್ದರಿಂದ ಅವಳನ್ನು ಗೌರವದಿಂದಲೇ ಮೇಜಿನ ಕೊನೆಗೆ, ಬ್ಯಾಂಕಿನ ಲೆಕ್ಕಿಗರಿಗೂ ಕಂಬಕ್ಕೂ ನಡುವೆ ಇಟ್ಟೆ.

ಡ್ಯೂಕರು ಬಂದರು. ಎತ್ತರದ ತೆಳ್ಳಗಿನ ಮುದುಕರು, ದೊಡ್ಡ ಕಿವಿಗಳು. ಅಳಿಯ ಚಂದದ ಮನುಷ್ಯ, ಕೋಟಿಗೆ ಚಿನ್ನದ ಬಣ್ಣದ ಗುಂಡಿ. ತನ್ನ ಕಾರ್ಡು ಕಂಡವನೇ ಒಂದು ಕ್ಷಣ ತಡೆದು, ಕೋಟು ಸರಿಮಾಡಿಕೊಂಡು ಕೂತುಬಿಟ್ಟ. ಮಗಳಿಗೆ ನಲವತ್ತರ ಹತ್ತಿರ. ಮೇಜಿಗೆ ಒಂದು ಸುತ್ತು ಬಂದು ಕಂಬದ ಹತ್ತಿರ ತನ್ನ ಹೆಸರನ್ನು ಕಂಡುಕೊಂಡರು. ಡ್ಯೂಕರು ಹುಬ್ಬೇರಿಸಿ ಅಳಿಯನನ್ನು ನೋಡಿದರು, ಮಗಳನ್ನು ನೋಡಿದರು. ಮಗಳು ಇರಲಿ ಬಿಡಿ ಎನ್ನುವಂತೆ ತಲೆ ಆಡಿಸಿದರು. ನನಗೆ ಒಳಗೊಳಗೇ ಸಂತೋಷ. ಎಷ್ಟು ಶಿಸ್ತಿನ ಮನೆತನ ಎಂದುಕೊಂಡೆ.

ಹಾಮೂರ್ ಮೀನು ಬಡಿಸುವಾಗ ಆ ಮಗಳು ಮೆಲ್ಲಗೆ ಕೇಳಿದರು: “ಈ ಕೂರುವ ವ್ಯವಸ್ಥೆ ಮಾಡಿದವರು ಯಾರು?”

“ನಾನೇ, ಮೇಡಂ.”

“ನನ್ನ ಅತ್ತೆಯ ಮಗನನ್ನು ಅಲ್ಲಿ ಯಾಕೆ ಕೂರಿಸಿದಿರಿ?”

“ನಿಮ್ಮ ತಂದೆಯವರ ವಾರಸುದಾರರು ಅವರೇ ಅಲ್ಲವೇ? ಅಕ್ಕನ ಮಗ.”

ಅವರು ಫೋರ್ಕು ಕೆಳಗಿಟ್ಟರು. “ಮತ್ತೆ ನಾನು?”

“ತಾವು ತಮ್ಮ ತಾಯಿಯವರ ಮನೆಗೆ, ಮೇಡಂ.”

ಅವರು ನ್ಯಾಪ್ಕಿನ್ನಿನಿಂದ ಬಾಯಿ ಮುಚ್ಚಿಕೊಂಡು ನಕ್ಕ ನಗೆಗೆ ಪಕ್ಕದ ಲೆಕ್ಕಿಗರು ಹೆದರಿದರು. ಅಳಿಯಕಟ್ಟನ್ನು ತಿಳಿದಷ್ಟು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಕಿವಿಗೊಟ್ಟು ಕೇಳಿ, “ಅಂದರೆ ಹೆಂಗಸರ ಮೂಲಕ ಮನೆ ನಡೆಸುವ ನೀವು, ಅದೇ ಕಾರಣಕ್ಕೆ ನನ್ನನ್ನು ಕಂಬದ ಹತ್ತಿರ ಕೂರಿಸಿದಿರಿ!” ಎಂದರು.

ಆಮೇಲೆ ತಟ್ಟೆ ಇಡಲು, ತಟ್ಟೆ ಎತ್ತಲು ಹೋದಾಗಲೆಲ್ಲ ಅವರು ಒಂದೊಂದು ತುಂಡು ಹೇಳಿದರು. ಅವರ ದೇಶದಲ್ಲಿ ಡ್ಯೂಕ್, ಮಾರ್ಕೇಸ್, ಕೌಂಟ್ ಎಂದು ಪದವಿಗಳು. ಎಲ್ಲಕ್ಕಿಂತ ಮೇಲೆ ಗ್ರಾಂದೆ, ಅಂದರೆ ದೊಡ್ಡವರು. ಡ್ಯೂಕರೆಲ್ಲ ಗ್ರಾಂದೆಗಳೇ, ಮಾರ್ಕೇಸ್, ಕೌಂಟುಗಳಲ್ಲಿ ಕೆಲವರಿಗೆ ಮಾತ್ರ ಆ ಭಾಗ್ಯ. ರಾಜ ಅವರನ್ನು ‘ಕಸಿನ್’ ಎಂದು ಕರೆಯುತ್ತಾನಂತೆ. “ಯಾವ ಕಸಿನ್? ಮಾವನ ಮಗನೋ, ಚಿಕ್ಕಪ್ಪನ ಮಗನೋ?” ಎಂದು ನಾನು ಕೇಳಿದ್ದಕ್ಕೆ ಮತ್ತೆ ನಗು. ಪದವಿ ಮೊದಲು ಮಗನಿಗೆ, ಮಗ ಇಲ್ಲದಿದ್ದರೆ ಮಗಳಿಗೆ. “ನನ್ನ ತಂದೆಗೆ ನಾನೊಬ್ಬಳೇ. ಹಕ್ಕು ನನ್ನದು,” ಎಂದು ಅವರು ಮೇಜಿನ ಆ ತುದಿಯನ್ನು ನೋಡಿದರು. “ಆದರೆ ನಮ್ಮ ಮನೆಯ ಅರ್ಧ ಜನ ನಿಮ್ಮ ಊರಿನವರ ಹಾಗೆಯೇ ಯೋಚಿಸುತ್ತಾರೆ. ಹೆಂಗಸಿಗೆ ಯಾಕೆ, ಅವನಿಗೆ ಬಿಟ್ಟುಕೊಡು ಅನ್ನುತ್ತಾರೆ.” ಆಗ ಅವರು ನಗಲಿಲ್ಲ.

ಟೋಪಿಯ ಕತೆ, ದಿಂಬಿನ ಕತೆ ಕೇಳಿದ್ದೂ ಆಗಲೇ. ಅವರ ಅಜ್ಜ ಪದವಿಗೆ ಬಂದಾಗ ಅರಮನೆಗೆ ಹೋಗಿ ರಾಜನ ಮುಂದೆ ನಿಂತರಂತೆ. ರಾಜ ‘ತಲೆ ಮುಚ್ಚಿಕೊಳ್ಳಿ’ ಎಂದ. ಅಜ್ಜ ಟೋಪಿ ಹಾಕಿಕೊಂಡರು. ರಾಜನ ಎದುರು ಟೋಪಿ ಹಾಕಿಕೊಂಡು ನಿಲ್ಲುವ ಹಕ್ಕು ಗ್ರಾಂದೆಗೆ ಮಾತ್ರ, ಅದೂ ರಾಜ ಬಾಯಿಬಿಟ್ಟು ಹೇಳಿದ ಮೇಲೆ. ಹೆಂಗಸರಿಗೆ ಟೋಪಿಯ ಬದಲು ದಿಂಬು. ರಾಣಿ ‘ಕೂತುಕೊಳ್ಳಿ’ ಎಂದರೆ ಗ್ರಾಂದೆ ಮನೆಯ ಹೆಂಗಸು ಅವಳ ಎದುರು ದಿಂಬಿನ ಮೇಲೆ ಕೂರಬಹುದು. ಉಳಿದವರು ನಿಂತೇ ಇರಬೇಕು. “ನನ್ನ ಅಜ್ಜಿ ಹಾಗೆ ಕೂತವಳು. ಆಮೇಲೆ ರಾಜ ಹೋದ, ಪದವಿಗಳೂ ಸ್ವಲ್ಪ ಕಾಲ ಹೋದವು. ಪದವಿ ತಿರುಗಿ ಬಂತು, ಈಗ ರಾಜನೂ ಬಂದಿದ್ದಾನೆ. ದಿಂಬು ಮಾತ್ರ ಬರಲಿಲ್ಲ,” ಎಂದರು.

ನಾನು ನಮ್ಮ ಚಾವಡಿಯನ್ನು ನೆನೆಸಿಕೊಂಡೆ. ಅನ್ನದೆ ಉಳಿದ ‘ಕುಲ್ಲುಲೆ’ಯನ್ನು ನೆನೆಸಿಕೊಂಡೆ. ಸ್ಪೇನ್ ಅಷ್ಟೇನೂ ದೂರದ ದೇಶವಲ್ಲ ಅನ್ನಿಸಿತು.

ಅಷ್ಟರಲ್ಲಿ ಮ್ಯಾನೇಜರು ಬಂದರು. ಬಾಗಿಲಲ್ಲೇ ನಿಂತು ಮೇಜನ್ನು ಒಂದು ಸಲ ನೋಡಿದರು. ಅವರ ಮುಖ ಬೇಯಿಸಿದ ಸಿಗಡಿಯ ಬಣ್ಣಕ್ಕೆ ತಿರುಗಿತು. ನನ್ನನ್ನು ಪ್ಯಾಂಟ್ರಿಗೆ ಎಳೆದುಕೊಂಡು ಹೋಗಿ, “ನಾಳಿನ ಡಚೆಸ್ಸನ್ನು ಲೆಕ್ಕಿಗನ ಪಕ್ಕ ಕೂರಿಸಿದ್ದೀಯ! ಯಾರು ಹೇಳಿದರು ನಿನಗೆ?” ಎಂದರು. ಅಕ್ಕನ ಮಗ ಎಂದು ನಾನು ಶುರುಮಾಡಿದೆ. ಅವರು ಕೈ ಎತ್ತಿದರು. “ಕಾಫಿ ಮುಗಿದ ಮೇಲೆ ನನ್ನ ಆಫೀಸಿಗೆ ಬಾ. ಖಾಯಂ ಮಾತು ಮರೆತುಬಿಡು.”

ಅವರು ಹೋದ ಮೇಲೆ ನಾನು ಅಲ್ಲೇ ನಿಂತೆ. ಕಿವಿಯಲ್ಲಿ ಕ್ಯಾಸೆಟ್ಟಿನ ಉಸಿರಿನ ಸದ್ದು. ಮಗಳು ಶಾಲೆಗೆ ಹೋಗುವ ವಯಸ್ಸಾಗುವ ತನಕ, ಮದುವೆಯ ವಯಸ್ಸಾಗುವ ತನಕ ನಾನು ಆ ಪೆಟ್ಟಿಗೆಯ ಒಳಗೇ ಇರುತ್ತೇನೆ ಎಂದು ಅನ್ನಿಸಿತು. ಹೇಗೂ ಕೆಟ್ಟಾಯಿತು, ಇನ್ನು ಕೆಡುವುದು ಏನಿದೆ ಎಂಬ ಒಂದು ಮೊಂಡು ಧೈರ್ಯವೂ ಅದರ ಹಿಂದೆಯೇ ಬಂತು. ಸರ್ವಿಸ್ ಲಿಫ್ಟಿನಲ್ಲಿ ಕೆಳಗಿಳಿದು ಲಾಂಡ್ರಿಗೆ ಹೋದೆ.

“ಅಣ್ಣ, ಒಂದು ಒಳ್ಳೆಯ ದಿಂಬು ಬೇಕು.”

“ದಿಂಬಾ? ಈ ಮಧ್ಯಾಹ್ನದಲ್ಲಿ ಮಲಗ್ಲಿಕ್ಕಾ ಮಾರಾಯ?” ಎಂದರು ಅಣ್ಣ.

“ಡ್ಯೂಕರ ಮಗಳಿಗೆ.”

“ಅವ್ರು ಮಲಗುದಾ?”

“ಅಲ್ಲ ಅಣ್ಣ, ಕೂರ್ಲಿಕ್ಕೆ. ಅವರ ಅಜ್ಜಿಗೆ ರಾಣಿ ಕೊಟ್ಟ ಹಾಗೆ. ನನ್ನ ಕೆಲಸ ಹೇಗೂ ಹೋಯ್ತು. ಆಮೇಲೆ ಹೇಳ್ತೇನೆ.”

ಅಣ್ಣ ನನ್ನ ಮುಖ ನೋಡಿದರು. ಮತ್ತೊಂದು ಮಾತು ಕೇಳದೆ ಇಸ್ತ್ರಿ ಮಾಡಿದ ಕೆಂಪು ಮಖಮಲ್ಲಿನ ದಿಂಬೊಂದನ್ನು ಕಪಾಟಿನಿಂದ ತೆಗೆದು, ಮೇಲಿದ್ದ ನೂಲನ್ನು ಉಗುರಿನಿಂದ ಹೆಕ್ಕಿ ಕೊಟ್ಟರು. “ಕಲೆ ಮಾಡ್ಬೇಡ ಆಯ್ತಾ,” ಎಂದರು.

ಊಟದ ನಂತರದ ಕಾಫಿ ಅರಬ್ಬರ ಚಾವಡಿಯಾದ ಮಜ್ಲಿಸಿನ ಹಾಗೆ ಮಾಡಿದ ಕೋಣೆಯಲ್ಲಿ. ಗೋಡೆಯ ಸುತ್ತ ತಗ್ಗಿನ ಆಸನ, ನೆಲಕ್ಕೆ ಜಮಖಾನ. ಗಂಡಸರು ಮೊದಲೇ ನುಗ್ಗಿ ಆಸನಗಳೆಲ್ಲ ತುಂಬಿದ್ದವು. ಡ್ಯೂಕರ ಬಲಕ್ಕೆ ಮತ್ತೆ ಅದೇ ಅಳಿಯ. ಮಗಳು ಕಿಟಕಿಯ ಹತ್ತಿರ ಕಾಫಿ ಬಟ್ಟಲು ಹಿಡಿದು ನಿಂತಿದ್ದರು. ನಾನು ದಿಂಬನ್ನು ಎರಡು ಕೈಯಲ್ಲಿ ಟ್ರೇ ಹಿಡಿದ ಹಾಗೆ ಹಿಡಿದು ಕೋಣೆಯ ನಡುವೆ ನಡೆದೆ. ಮಾತು ಒಂದೊಂದಾಗಿ ನಿಂತಿತು. ಡ್ಯೂಕರ ಎದುರಿನ ಜಮಖಾನದ ಮೇಲೆ ಅದನ್ನು ಇಟ್ಟು, ಕಿಟಕಿಯ ಕಡೆ ತಿರುಗಿ, “ಮೇಡಂ, ಕೂತುಕೊಳ್ಳಿ,” ಎಂದೆ.

ಅವರು ತಂದೆಯನ್ನು ನೋಡಿದರು. ಮುದುಕರು ದಿಂಬನ್ನೇ ನೋಡುತ್ತಿದ್ದರು. ಆಮೇಲೆ ಕೋಲೂರಿ ಎದ್ದು ನಿಂತರು. ಅವರು ಎದ್ದಮೇಲೆ ಉಳಿದವರು ಕೂರುವುದು ಹೇಗೆ? ಬ್ಯಾಂಕಿನವರು ಎದ್ದರು, ಲೆಕ್ಕಿಗರು ಎದ್ದರು, ಚಿನ್ನದ ಗುಂಡಿಯ ಅಳಿಯನೂ ಎದ್ದ. ಡ್ಯೂಕರು ತಮ್ಮ ಭಾಷೆಯಲ್ಲಿ ಮಗಳಿಗೆ ಒಂದೇ ಒಂದು ಶಬ್ದ ಹೇಳಿದರು. ನನಗೆ ಆ ಭಾಷೆ ಬರುವುದಿಲ್ಲ, ಆದರೆ ಆ ಶಬ್ದ ಯಾವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗಳು ಬಂದು, ಫ್ರಾಕು ಮಡಚಿ, ದಿಂಬಿನ ಮೇಲೆ ನೆಟ್ಟಗೆ ಕೂತರು.

ಡ್ಯೂಕರು ನನ್ನ ಕಡೆ ತಿರುಗಿ ನಿಧಾನದ ಇಂಗ್ಲಿಷಿನಲ್ಲಿ, “ತಾನು ಕೂತ ದಿಂಬು ನೀಲಿ ಬಣ್ಣದ್ದು ಎಂದು ನನ್ನ ತಾಯಿ ಹೇಳುತ್ತಿದ್ದಳು,” ಎಂದರು. ಅವರ ಕಣ್ಣು ತುಂಬಿತ್ತು.

ಆಫೀಸಿನಲ್ಲಿ ಮ್ಯಾನೇಜರು ಪೆನ್ಸಿಲು ತಿರುಗಿಸುತ್ತಾ ಕೂತಿದ್ದರು. “ನಿನ್ನನ್ನು ಕಳಿಸಿಬಿಡಬೇಕು ಎಂದು ಇಲ್ಲಿ ಕೂತಿದ್ದೆ,” ಎಂದರು. “ಡ್ಯೂಕರು ಈಗ ಬಂದು ಹೋದರು. ಇಲ್ಲಿ ಇರುವಷ್ಟು ದಿನ ನೀನೇ ಬಡಿಸಬೇಕಂತೆ. ಮನೆಯಲ್ಲಿ ಯಾರೂ ತನ್ನ ಎದುರು ಬಾಯಿಬಿಟ್ಟು ಹೇಳದ್ದನ್ನು ನೀನು ಕುರ್ಚಿ ಇಟ್ಟು ತೋರಿಸಿದೆಯಂತೆ. ಯಾರು ಆ ಕುರ್ಚಿಯಲ್ಲಿ ನಾಚಿಕೆ ಇಲ್ಲದೆ ಕೂರುತ್ತಾರೆ ಎಂದು ಅವರಿಗೆ ಗೊತ್ತಾಯಿತಂತೆ.” ಪೆನ್ಸಿಲು ಕೆಳಗಿಟ್ಟರು. “ಕೆಲಸ ಖಾಯಂ. ಇನ್ನು ಮುಂದೆ ಯಾರ ಪದವಿಯನ್ನಾದರೂ ಕಿತ್ತುಕೊಳ್ಳುವ ಮುಂಚೆ ನನಗೊಂದು ಮಾತು ಹೇಳು.”

ಆ ಮಗಳು ಮುಂದೆ ಡಚೆಸ್ ಆದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಗಿದ್ದಾರೆ ಎಂದೇ ನಾನು ನಂಬಿದ್ದೇನೆ.

ಸುದ್ದಿಯನ್ನು ಕ್ಯಾಸೆಟ್ಟಿನಲ್ಲಿ ಹೇಳಿ ಊರಿಗೆ ಕಳಿಸಿದೆ. ಸೋದರಮಾವನ ಉತ್ತರವೂ ಕ್ಯಾಸೆಟ್ಟಿನಲ್ಲೇ ಬಂತು. ಗಂಟಲು ಸರಿಮಾಡಿಕೊಳ್ಳಲಿಕ್ಕೇ ಅವರು ಅರ್ಧ ಟೇಪು ಖರ್ಚು ಮಾಡಿದ್ದರು. “ಕರ್ಕೊಂಡು ಹೋಗಿ. ಆದ್ರೆ ನೆನಪಿರ್ಲಿ, ನೋಡ್ಕೊಳ್ಲಿಕ್ಕೆ ಕೊಟ್ಟದ್ದು, ಕೊಟ್ಟೇ ಬಿಟ್ಟದ್ದಲ್ಲ,” ಎಂದಿದ್ದರು. ಅಣ್ಣ ನಕ್ಕು ಅದನ್ನೂ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದರು.

ಅವರಿಬ್ಬರು ಬಂದಿಳಿದದ್ದು ಚಳಿಗಾಲದ ಒಂದು ಬೆಳಿಗ್ಗೆ. ಮಗಳು ಅಮ್ಮನ ಸೀರೆಯ ಹಿಂದೆ ಅಡಗಿದವಳು ಟ್ಯಾಕ್ಸಿಯಲ್ಲೂ ನನ್ನ ಮುಖ ನೋಡಲಿಲ್ಲ. ಅವಳಿಗೆ ಗೊತ್ತಿದ್ದ ಅಪ್ಪ ಪೆಟ್ಟಿಗೆಯ ಒಳಗಿನವನು. ಮನಾಮಾದಲ್ಲಿ ನಾನು ಹಿಡಿದಿದ್ದ ಮನೆಗೆ ಒಂದು ಕೋಣೆ, ಒಂದು ಅಡಿಗೆಮನೆ. ಹಳೆಯ ಸಾಮಾನಿನ ಅಂಗಡಿಯಿಂದ ತಂದ ಮೇಜು, ಕುರ್ಚಿ. ಲಾಂಡ್ರಿಯ ಅಣ್ಣ ಬೆಳಿಗ್ಗೆಯೇ ಬಂದು ಒಂದು ಪೊಟ್ಟಣ ಇಟ್ಟುಹೋಗಿದ್ದರು. ಅದರಲ್ಲಿ ಅದೇ ಕೆಂಪು ದಿಂಬು. ಮೂಲೆ ಹರಿದದ್ದಕ್ಕೆ ಹೋಟೆಲಿನವರು ಎಸೆಯಲು ಹೊರಟಿದ್ದರಂತೆ. ಅಣ್ಣ ಕೇಳಿ ತೆಗೆದುಕೊಂಡು, ಹೊಲಿದು ತಂದಿದ್ದರು.

ಹೆಂಡತಿ ಗಂಜಿ ಬಡಿಸಿದಳು. ಮಗಳು ಕುರ್ಚಿ ಹತ್ತಿ ಕೂತರೆ ಮೂಗಿನ ಮಟ್ಟಕ್ಕೆ ಮೇಜು. ನಾನು ಅವಳನ್ನು ಎತ್ತಿ ದಿಂಬು ಇಟ್ಟು ಮತ್ತೆ ಕೂರಿಸಿದೆ.

“ಈಗಲೇ ಅಭ್ಯಾಸ ಮಾಡ್ಬೇಡಿ, ಆಮೇಲೆ ನೆಲದಲ್ಲಿ ಕೂರುದಿಲ್ಲ ಅವಳು,” ಎಂದಳು ಹೆಂಡತಿ.

“ಕೂರುದು ಬೇಡ,” ಎಂದೆ.

ಅಭ್ಯಾಸಬಲದಿಂದ ನಾನು ಅವರ ಪಕ್ಕ, ಒಂದು ಹೆಜ್ಜೆ ಹಿಂದೆ, ಕೈ ಕಟ್ಟಿ ನಿಂತಿದ್ದೆ. ಮಗಳು ದಿಂಬಿನ ಮೇಲೆ ಎರಡು ಸಲ ಕುಪ್ಪಳಿಸಿ ನೋಡಿದಳು. ಒಂದು ತುತ್ತು ತಿಂದಳು. ಆಮೇಲೆ ತಲೆ ಎತ್ತಿ, ಅಂದು ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿ, ಗುತ್ತಿನ ಮನೆಯ ದೊಡ್ಡವರು ನನಗೆ ಹೇಳದೇ ಇದ್ದ ಮಾತನ್ನು ಹೇಳಿದಳು.

“ಅಪ್ಪ, ಈರ್‌ಲಾ ಕುಲ್ಲುಲೆ.” ನೀವೂ ಕೂತುಕೊಳ್ಳಿ.

ನಾನು ಕೂತೆ.